ಅಳತೆ ಮೊದಲು, ಹಣ ಆಮೇಲೆ: ಖಡಕಿಯ ಗಾಯಾಳು ಯೋಧರಿಗೆ ನೆರವಾಗುವ ಬಗೆ

ಪುಣೆಯ ಕನ್ನಡ ಮಂಡಳಿಗಳಿಗೂ ಹೌಸಿಂಗ್ ಸೊಸೈಟಿಗಳಿಗೂ ಗಾಯಗೊಂಡ ಯೋಧರ ನೆನಪು ಹೆಚ್ಚಾಗಿ ಬರುವುದು ಜನವರಿ 26, ಆಗಸ್ಟ್ 15 ಮತ್ತು ಡಿಸೆಂಬರ್ 7ರ ಧ್ವಜ ದಿನದಂದು. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಬೇಕಾದ ಸಾಮಾನು ಮಾತ್ರ ದಿನವೂ ಖರ್ಚಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಕೊಡುವ ದೊಡ್ಡ ಉಡುಗೊರೆಗಿಂತ ತಿಂಗಳು ತಪ್ಪದೆ ಬರುವ ಸಣ್ಣ ಪೆಟ್ಟಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ಯಾವ ಬಾಗಿಲು ತಟ್ಟಬೇಕು ಅನ್ನುವುದು ತಿಳಿದಿರಲಿ. ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಪುಣೆಯ ಖಡಕಿಯಲ್ಲಿ 1974ರಲ್ಲಿ ಶುರುವಾದದ್ದು ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅವಯವ ಮಾಡಿ ಕೊಡುವ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ 1944ರಿಂದ ಪುಣೆಯಲ್ಲಿದೆ. ಗಾಯದ ನಂತರ ಹೊಸ ಕಸುಬು ಕಲಿಸುವುದು ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1917ರ ಸಂಸ್ಥೆ, ಅದೂ ಖಡಕಿಯಲ್ಲೇ ಇದೆ. ಅಂಗಡಿಗೆ ಹೋಗುವ ಮುಂಚೆ ಸಂಸ್ಥೆಯ ಕಚೇರಿಗೆ ಪತ್ರ ಬರೆದು ಮೂರು ಪ್ರಶ್ನೆ ಕೇಳಿ: ಈ ತಿಂಗಳು ಯಾವುದು ಮುಗಿಯುತ್ತಿದೆ, ಯಾವ ಅಳತೆಯದು ಬೇಕು, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ. ಭೇಟಿಗೆ ಹೋಗುವುದಾದರೆ ದಿನ, ಹೊತ್ತು, ಬರುವವರ ಹೆಸರು ಮೊದಲೇ ತಿಳಿಸಿ ಗುರುತಿನ ಚೀಟಿ ಇಟ್ಟುಕೊಳ್ಳಿ. ಅದು ಕಂಟೋನ್ಮೆಂಟ್ ಪ್ರದೇಶ, ಕೇಳದೆ ಫೋಟೊ ತೆಗೆಯಬೇಡಿ. ಯೋಧರ ಮುಖದ ಫೋಟೊಗಂತೂ ಅವರವರ ಒಪ್ಪಿಗೆಯೇ ಬೇಕು.

ತಿಂಗಳ ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಕ್ಯಾಥೆಟರ್, ಅಂದರೆ ಮೂತ್ರ ತೆಗೆಯುವ ನಳಿಕೆ. ಮೂತ್ರಕೋಶದ ಮೇಲೆ ಹಿಡಿತವಿಲ್ಲದ ಅನೇಕರು ದಿನಕ್ಕೆ 4ರಿಂದ 6 ಸಲ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳಬೇಕಾಗುತ್ತದೆ. ಒಮ್ಮೆ ಬಳಸಿ ಬಿಸಾಡುವ ನಳಿಕೆಯಾದರೆ ಒಬ್ಬರಿಗೇ ತಿಂಗಳಿಗೆ 120ರಿಂದ 180 ಬೇಕು. ಗಂಡಸರಿಗೆ ಸಾಮಾನ್ಯವಾಗಿ 12 ಅಥವಾ 14 ನಂಬರಿನದು, ಆದರೂ ಕೇಳಿಯೇ ತನ್ನಿ. ಪ್ಯಾಕೆಟ್ ಹರಿದಿರಬಾರದು, ಅವಧಿ ಮುಗಿಯಲು ಒಂದು ವರ್ಷವಾದರೂ ಉಳಿದಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಎರಡು ದಿನ ಬಿಡಬೇಡಿ. ಜತೆಗೆ ಕೈಗವಸು, 2 ಲೀಟರಿನ ಯೂರಿನ್ ಬ್ಯಾಗ್, ಹೊರಗೆ ಹೋಗುವಾಗ ಕಾಲಿಗೆ ಕಟ್ಟುವ ಸಣ್ಣ ಬ್ಯಾಗ್. ಔಷಧಿ, ಮುಲಾಮುಗಳನ್ನು ಅಲ್ಲಿನ ವೈದ್ಯರು ಬರೆದುಕೊಟ್ಟರೆ ಮಾತ್ರ ತನ್ನಿ.

ವೀಲ್‌ಚೇರ್ ಕೊಡಿಸುವ ಆಸೆ ಎಲ್ಲರಿಗೂ ಇರುತ್ತದೆ, ತಪ್ಪಾಗುವುದೂ ಅಲ್ಲೇ ಹೆಚ್ಚು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 18 ಇಂಚು ಸೀಟಿನ ಕುರ್ಚಿ ಆಸ್ಪತ್ರೆಯಲ್ಲಿ ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಸಾಕು. ಬೆಳಗಿನಿಂದ ರಾತ್ರಿವರೆಗೆ ಅದರಲ್ಲೇ ಕುಳಿತು, ತನ್ನ ಕೈಯಿಂದಲೇ ತಳ್ಳಿಕೊಂಡು ಹೋಗುವವರಿಗೆ ಅದು ಆಗದು. ಸೀಟು ಅಗಲವಾದಷ್ಟು ಮೈ ಒಂದು ಕಡೆಗೆ ವಾಲುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಚಕ್ರ ದೂರವಾಗಿ ಭುಜ ಸವೆಯುತ್ತದೆ. ಕಾಲಿನ ಕೆಲಸವನ್ನೂ ಭುಜವೇ ಮಾಡಬೇಕಾದವರಿಗೆ ಭುಜ ಹೋದರೆ ಮತ್ತೆ ಹಾಸಿಗೆಯೇ ಗತಿ.

ಅಳತೆಯನ್ನು ಅಲ್ಲಿನ ಥೆರಪಿಸ್ಟ್ ತೆಗೆಯಲಿ, ಲೆಕ್ಕ ನಿಮಗೂ ಗೊತ್ತಿರಲಿ. ಗಟ್ಟಿ ಆಸನದ ಮೇಲೆ ಕೂರಿಸಿ ಸೊಂಟದ ಅತಿ ಅಗಲವಾದ ಕಡೆ ಟೇಪು ಹಿಡಿಯಬೇಕು; ಅದಕ್ಕೆ 1 ಇಂಚು ಸೇರಿಸಿದರೆ ಸೀಟಿನ ಅಗಲ. ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆದು 2 ಇಂಚು ಕಳೆದರೆ ಸೀಟಿನ ಆಳ. ಪಾದದ ಹಲಗೆ ನೆಲದಿಂದ 2 ಇಂಚಾದರೂ ಮೇಲಿರಬೇಕು, ಇಲ್ಲದಿದ್ದರೆ ಪುಣೆಯ ಸ್ಪೀಡ್‌ಬ್ರೇಕರ್‌ಗೆ ತಗುಲಿ ಮುಗ್ಗರಿಸುತ್ತದೆ.

ಕುರ್ಚಿಗಿಂತಲೂ ಮುಖ್ಯವಾದದ್ದು ಅದರ ಮೇಲಿನ ಕುಶನ್. ಸ್ಪರ್ಶವಿಲ್ಲದ ಜಾಗದಲ್ಲಿ ಒತ್ತಡ ಬಿದ್ದರೆ ನೋವು ಎಚ್ಚರಿಸುವುದಿಲ್ಲ. ರಕ್ತ ಓಡಾಡದೆ ಚರ್ಮ ಒಳಗಿನಿಂದಲೇ ಕೊಳೆಯುತ್ತದೆ, ಒಂದು ಹುಣ್ಣು ಮಾಯಲು ತಿಂಗಳುಗಟ್ಟಲೆ ಮಲಗಿರಬೇಕಾಗುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗನ್ನು ಅನೇಕರು ಒಳ್ಳೆಯ ಮನಸ್ಸಿನಿಂದಲೇ ತರುತ್ತಾರೆ. ದಯವಿಟ್ಟು ತರಬೇಡಿ. ಅದರ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಗಾಳಿ ತುಂಬುವ ಕುಶನ್ ಆದರೆ ಯೋಧ ಕುಳಿತ ಮೇಲೆ ಅಂಗೈ ಮೇಲ್ಮುಖ ಮಾಡಿ ಕುಶನ್ನಿಗೂ ಮೈಗೂ ನಡುವೆ ತೂರಿಸಿ ಕೂರುವ ಮೂಳೆಯನ್ನು ಹುಡುಕಬೇಕು. ಮೂಳೆಗೂ ಕುರ್ಚಿಯ ತಳಕ್ಕೂ ನಡುವೆ ಅರ್ಧದಿಂದ 1 ಇಂಚು ಗಾಳಿ ಇರಬೇಕು. ಕಡಿಮೆಯಾದರೆ ಮೂಳೆ ತಳಕ್ಕೆ ತಾಗುತ್ತದೆ, ಹೆಚ್ಚಾದರೆ ಚೆಂಡಿನ ಮೇಲೆ ಕೂತ ಹಾಗೆ. ಫೋಮ್ ಕುಶನ್ ಒತ್ತಿದ ಬೆರಳಿನ ಗುರುತಿನಿಂದ ಮೇಲೇಳದಿದ್ದರೆ ಅದರ ಆಯುಸ್ಸು ಮುಗಿಯಿತು. ಮಳೆಗಾಲದಲ್ಲಿ ನೆಂದು ಬೂಷ್ಟು ಹಿಡಿಯುವುದರಿಂದ ಹೆಚ್ಚುವರಿ ಹೊದಿಕೆ ಎರಡು ಕೊಡಿ.

ಕೊಟ್ಟ ಕುರ್ಚಿಯನ್ನು ನೋಡಿಕೊಳ್ಳುವುದೂ ದಾನದ ಭಾಗವೇ. ಹೊಸ ಟ್ಯೂಬ್, ಪಂಪು, ಅಲೆನ್ ಕೀ ಸೆಟ್ ಜತೆಗಿಡಿ. ಟೈರಿನಲ್ಲಿ ಗಾಳಿ ಇಳಿದರೆ ಬ್ರೇಕಿನ ಕಡ್ಡಿ ಟೈರನ್ನು ಒತ್ತಿ ಹಿಡಿಯುವುದಿಲ್ಲ. ಹಾಸಿಗೆಗೆ ಜರುಗುವ ಹೊತ್ತಿಗೆ ಕುರ್ಚಿ ಹಿಂದೆ ಸರಿದು ಮನುಷ್ಯ ನೆಲಕ್ಕೆ ಬೀಳುತ್ತಾನೆ. ಮುಂದಿನ ಪುಟ್ಟ ಚಕ್ರಕ್ಕೆ ಕೂದಲು, ದಾರ ಸುತ್ತಿಕೊಂಡಿರುತ್ತದೆ, ತಿಂಗಳಿಗೊಮ್ಮೆ ಬಿಡಿಸಿ.

ಗಣಪತಿ ನೋಡಲೋ ಮಂಡಳಿಯ ನಾಟಕಕ್ಕೋ ಕರೆದೊಯ್ಯುವುದಾದರೆ ಜಾಗವನ್ನು ಹಿಂದಿನ ದಿನವೇ ನೋಡಿ ಬನ್ನಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ಎರಡು ಹಲಗೆ ಇಟ್ಟು ನಾಲ್ವರು ಎತ್ತುವುದು ಅಪಾಯ. 15ರಿಂದ 30 ನಿಮಿಷಕ್ಕೊಮ್ಮೆ ಅವರು ಕೈಯೂರಿ ಮೈ ಎತ್ತಿಕೊಳ್ಳಲು ಬಿಡಿ, ಕಾರ್ಯಕ್ರಮ ತಡವಾದರೂ ಚಿಂತೆಯಿಲ್ಲ. ಬಿಸಿ ಚಹಾದ ಲೋಟವನ್ನು ತೊಡೆಯ ಮೇಲೆ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಬೆನ್ನುಹುರಿಯ ಟಿ6 (ಎದೆ ಭಾಗದ ಆರನೇ) ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಅದು ರಕ್ತದೊತ್ತಡ ಏರಿದ ಸೂಚನೆ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬೆಲ್ಟು ಸಡಿಲಿಸಿ, ನಳಿಕೆ ಮಡಚಿದೆಯೇ, ಬ್ಯಾಗ್ ತುಂಬಿದೆಯೇ ನೋಡಿ. ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ದು ‘ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ ಎಂಬ ಹೆಸರನ್ನೇ ಹೇಳಿ.

ಹಣವನ್ನು ಮಂಡಳಿಯ ಯಾರದೋ ಖಾತೆಗೆ ಕೂಡಿಸದೆ ಪ್ರತಿಯೊಬ್ಬರೂ ನೇರ ಸಂಸ್ಥೆಯ ಖಾತೆಗೇ ಹಾಕಿ ರಸೀದಿ ಪಡೆಯಿರಿ. ₹2,000 ಮೀರಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಸಿಗದು. ಗೃಹ ಸಚಿವಾಲಯದ ‘ಭಾರತ್ ಕೆ ವೀರ್’ ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಿಗಾಗಿ ಇರುವುದು. ಸೇನೆಯವರಿಗೆ ಕೊಡಬೇಕೆಂದಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಧ್ವಜ ದಿನ ನಿಧಿ ಇದೆ.

ಹಣವಿಲ್ಲದೆಯೂ ಪುಣೆಯ ಕನ್ನಡಿಗರು ಮಾಡಬಹುದಾದ ಕೆಲಸವೊಂದಿದೆ. ಬೆಳಗಾವಿ, ವಿಜಯಪುರದ ಕಡೆಯ ಯೋಧನ ತಾಯಿಗೋ ಹೆಂಡತಿಗೋ ಹಿಂದಿ, ಮರಾಠಿ ಬಾರದಿದ್ದರೆ ವೈದ್ಯರ ಮುಂದೆ ಜತೆಗೆ ಕುಳಿತು ಕನ್ನಡದಲ್ಲಿ ತಿಳಿಸಿ, ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ವೈದ್ಯರಿಗೆ ಮುಟ್ಟಿಸಿ. ಊರಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಬರೆದುಕೊಡಿ. ಪಿಂಚಣಿಯ ಜೀವನ ಪ್ರಮಾಣಪತ್ರ ವರ್ಷಕ್ಕೊಮ್ಮೆ ಕೊಡಬೇಕು. ಕೈಬೆರಳು ಸೆಟೆದು ಮೆಷಿನ್ ಗುರುತು ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಗಡುವಿನ ಕೊನೆಯ ವಾರಕ್ಕೆ ಬಿಡದೆ ಅವರ ಜತೆ ಕುಳಿತು ಮೊದಲೇ ಮುಗಿಸಿ, ರಸೀದಿಯ ಪ್ರತಿ ತೆಗೆದು ಮನೆಯವರ ಕೈಗೂ ಕೊಡಿ.