ಬ್ಯಾಂಕಿನವರೆಂದು ಫೋನ್ ಬಂದಾಗ: ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಹೊಸ ಊರಿಗೆ ಬಂದ ಮೊದಲ ಎರಡು ಮೂರು ತಿಂಗಳು ಫೋನು ಸುಮ್ಮನಿರುವುದಿಲ್ಲ. ಸಾಮಾನಿನ ಲಾರಿಯವರು, ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ಮನೆ ಬ್ರೋಕರ್ ಹೀಗೆ ಗುರುತಿಲ್ಲದ ನಂಬರನ್ನೆಲ್ಲ ಎತ್ತಲೇಬೇಕಾಗುತ್ತದೆ. ಮೋಸ ಮಾಡುವವರಿಗೆ ಇದು ಒಳ್ಳೆಯ ಹೊತ್ತು.

ಕಲಬುರಗಿಯಿಂದ ನಮ್ಮ ಬೀದಿಗೆ ಬಂದ ಒಬ್ಬ ತಾಯಿಗೆ ಆದದ್ದು ಹೇಳುತ್ತೇವೆ. ಮಧ್ಯಾಹ್ನದ ಹೊತ್ತು, ಹಂಚಿನ ಮೇಲೆ ಜೋಳದ ರೊಟ್ಟಿ, ಫೋನು ಸ್ಪೀಕರಿನಲ್ಲಿ. "ಅಮ್ಮಾ, ಬ್ಯಾಂಕಿಂದ ಮಾತಾಡ್ತಿದೀನಿ. ಮನೆ ಬದಲಾಯಿಸಿದೀರಲ್ಲ, ಕೆವೈಸಿ ಆಗಿಲ್ಲ. ಸಂಜೆಗೆ ಖಾತೆ ಬ್ಲಾಕ್ ಆಗುತ್ತೆ." ಅಪ್ಪಟ ಮೈಸೂರು ಕನ್ನಡ. ವಂಚಕರು ಹಿಂದಿಯಲ್ಲೇ ಮಾತಾಡುತ್ತಾರೆ ಎಂಬ ನಂಬಿಕೆ ಬಿಟ್ಟುಬಿಡಿ. ಹುಟ್ಟಿದ ದಿನ ಕೇಳಿದ, ತಾಯಿಯ ಹೆಸರು ಕೇಳಿದ, ಕಾರ್ಡಿನ ಕೊನೆಯ 4 ಅಂಕಿ ಕೇಳಿದ. ನಾವಾಗಿ ಬ್ಯಾಂಕಿಗೆ ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳೇ ಅವು, ಹಾಗಾಗಿ ಅನುಮಾನ ಬರಲಿಲ್ಲ. ಕೊನೆಗೆ ಒಟಿಪಿ. ಮಕ್ಕಳ ಫೀಸಿಗೆಂದು ಇಟ್ಟಿದ್ದ ದುಡ್ಡು ಹೋಯಿತು.

ಆಕೆ ಓದಿದವರು, ಲೆಕ್ಕದಲ್ಲಿ ಚುರುಕು. ತಪ್ಪಿದ್ದು ಒಂದೇ ಕಡೆ. ನೀವು ಬ್ಯಾಂಕಿಗೆ ಫೋನ್ ಮಾಡಿದರೆ ನೀವು ಯಾರೆಂದು ಅವರು ಕೇಳುವುದು ಸರಿ. ಅವರೇ ಮಾಡಿದರೆ, ತಾವು ಯಾರೆಂದು ರುಜುವಾತು ಕೊಡಬೇಕಾದವರು ಅವರು. "ನಾನೇ ಬ್ಯಾಂಕಿಗೆ ಫೋನ್ ಮಾಡ್ತೀನಿ" ಎಂದು ಇಟ್ಟುಬಿಡಿ. ಕಾರ್ಡಿನ ಹಿಂಬದಿಯ ನಂಬರಿಗೆ ಮಾಡಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರುಗಳನ್ನೂ ಹಾಕಿರುತ್ತಾರೆ. ಒಟಿಪಿ, ಪಿನ್, ಸಿವಿವಿಗಳನ್ನು ಯಾವ ಬ್ಯಾಂಕಿನವರೂ ಕೇಳುವಂತಿಲ್ಲ. ದುಡ್ಡು ನಮ್ಮ ಖಾತೆಗೆ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಮನೆ ಅಡ್ವಾನ್ಸ್ ವಾಪಸ್ ಹಾಕುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಎಂದರೆ ಮಾಡಬೇಡಿ.

ನೆಟ್ ಬ್ಯಾಂಕಿಂಗ್‌ಗೆ ಸೇರುವಾಗ ಕೆಲವು ಬ್ಯಾಂಕುಗಳು ಗುಟ್ಟಿನ ಪ್ರಶ್ನೆಗಳನ್ನು ಕೇಳುತ್ತವೆ: ಹುಟ್ಟಿದ ಊರು, ಮೊದಲು ಓದಿದ ಶಾಲೆ. ನಮ್ಮ ಕಡೆ ಇವು ಗುಟ್ಟೇ ಅಲ್ಲ. "ಯಾವೂರು ನಿಮ್ದು, ತಾಯಿ ಮನೆ ಎಲ್ಲಿ" ಎಂದೇ ನಾವು ಮಾತು ಶುರು ಮಾಡುವುದು. ಅಕ್ಕಪಕ್ಕದವರಿಗೆ ಧಾರಾಳವಾಗಿ ಹೇಳಿ, ಬ್ಯಾಂಕಿನ ಉತ್ತರವನ್ನು ಬೇರೆ ಇಡಿ. ಅದು ನಿಜವೇ ಆಗಿರಬೇಕೆಂದಿಲ್ಲ. ಹುಟ್ಟಿದ ಊರಿಗೆ "ಉಪ್ಸಾರು" ಎಂದು ಬರೆದರೂ ನಡೆಯುತ್ತದೆ, ನಿಮಗೆ ನೆನಪಿದ್ದರೆ ಸಾಕು.

ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಓದಿ ಹೇಳಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. "ನಿಮ್ಮ ಹಳೇ ಬ್ಯಾಂಕ್ ವಿಲೀನ ಆಗಿದೆ, ಖಾತೆ ಬದಲಾಯಿಸಬೇಕು" ಎಂದು ಈಗ ಯಾರಾದರೂ ಫೋನ್ ಮಾಡಿದರೆ ಶಾಖೆಗೇ ಹೋಗಿ ವಿಚಾರಿಸಿ. ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್ ಎಂಬ ಮೆಸೇಜು ಬಂದರೆ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ, ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೊಟ್ಟು ಕೇಳಿ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಮುಟ್ಟಬೇಡಿ. ಪೊಲೀಸರು, ಸಿಬಿಐನವರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ.

ದುಡ್ಡು ಹೋಗಿಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಿರುವಾಗಲೇ ತಡೆಹಿಡಿಯುವ ವ್ಯವಸ್ಥೆ ಅದು, ಎಟಿಎಂನಿಂದ ತೆಗೆದ ಮೇಲೆ ಕಷ್ಟ. ಕೂಡಲೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಒಟಿಪಿ ನಾವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೋಗಿದ್ದರೆ 3 ಕೆಲಸದ ದಿನಗಳೊಳಗೆ ತಿಳಿಸಿ, ಪೂರ್ತಿ ಹಣಕ್ಕೆ ಬ್ಯಾಂಕೇ ಹೊಣೆ. ಆಮೇಲೆ ಸೈಬರ್ ಅಪರಾಧದ (ಸೆನ್) ಪೊಲೀಸ್ ಠಾಣೆಗೆ ದೂರು ಕೊಡಿ.

ಆ ತಾಯಿ ಮನೆಯವರು ಬೈಯುತ್ತಾರೆಂದು ಹೆದರಿ ರಾತ್ರಿಯವರೆಗೆ ಬಾಯಿಬಿಡಲಿಲ್ಲ. ಅದು ನಮಗೆ ದುಡ್ಡಿಗಿಂತ ಹೆಚ್ಚು ಸಂಕಟ ಕೊಟ್ಟಿತು. ಮನೆಯಲ್ಲಿ ಯಾರಿಗೇ ಹೀಗಾದರೂ ಬೈಯಬೇಡಿ, ಫೋನು ಕೈಗೆ ತೆಗೆದುಕೊಂಡು 1930 ಒತ್ತಿ. ದೂರು ಬರೆಯುವುದು ಗೊತ್ತಾಗದಿದ್ದರೆ ಪಾಸ್‌ಬುಕ್ ಹಿಡಿದು ನಮ್ಮ ಸಂಘಕ್ಕೆ ಬನ್ನಿ, ಜೊತೆಗೆ ಕೂತು ಬರೆದುಕೊಡುತ್ತೇವೆ. ಬರುವವರೆಗೆ ಫೋನಿನಲ್ಲಿರುವ ಯಾವ ಮೆಸೇಜನ್ನೂ ಅಳಿಸಬೇಡಿ.