ಮೊದಲ ಕ್ರೆಡಿಟ್ ಕಾರ್ಡ್: ದಾವಣಗೆರೆಯಿಂದ ಗಡುವು ಹಿಡಿದಿದ್ದು ಹೀಗೆ

ನನ್ನ ಮೊದಲ ಕ್ರೆಡಿಟ್ ಕಾರ್ಡ್ 2005ರದ್ದು. ಆಗ ದಾವಣಗೆರೆಯಲ್ಲಿ ಕಾರ್ಡ್ ಪಡೆಯುವುದಕ್ಕಿಂತ, ಬಿಲ್ಲಿನ ದುಡ್ಡನ್ನು ಗಡುವಿನೊಳಗೆ ಮುಟ್ಟಿಸುವುದೇ ಕಷ್ಟದ ಕೆಲಸವಾಗಿತ್ತು. ಮಂಡಿಪೇಟೆಯ ಉದ್ರಿಗೆ ‘ಮುಂದಿನ ವಾರ ಕೊಡ್ತೀನಿ ಅಣ್ಣ’ ಅಂದರೆ ನಡೆಯುತ್ತದೆ. ಕಾರ್ಡಿನ ಉದ್ರಿಗೆ ತಾರೀಖೇ ಎಲ್ಲ. ಇವತ್ತು ಮೊದಲ ಕಾರ್ಡ್ ತೆಗೆದುಕೊಳ್ಳುವವರೂ ಮೊದಲು ಕಲಿಯಬೇಕಾದ್ದು ಇದನ್ನೇ.

ಅರ್ಜಿಗೆ ಹಚ್ಚಿದ್ದು ಪ್ಯಾನ್ ನಕಲು, ಮೂರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಪಾಸ್‌ಬುಕ್ ಪುಟಗಳು, ವಿಳಾಸದ ದಾಖಲೆ, ಒಂದು ಫೋಟೋ. ಎಡವುವುದು ಹೆಸರಿನಲ್ಲಿ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಸಂಬಳದ ಚೀಟಿಯಲ್ಲಿ ಬರೀ ಎರಡು ಅಕ್ಷರ. ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ, ನಡುವೆ ‘ಎ’ ಇಟ್ಟು, ಬಿಟ್ಟು. ಎಲ್ಲ ಕಡೆ ಪ್ಯಾನ್‌ನಲ್ಲಿರುವಂತೆಯೇ ಬರೆದು, ಮನೆಯ ಹಳೇ ನಂಬರ್, ಹೊಸ ನಂಬರ್ ಎರಡನ್ನೂ ಹಾಕಿ, ಹತ್ತಿರದ ಗುರುತು ಸೇರಿಸಿದೆ. ವಿಳಾಸ ಪರಿಶೀಲನೆಗೆ ಬರುವವರು ಹುಡುಕಿ ಸಿಗದೆ ವಾಪಸ್ ಹೋದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಬೇರೆ ಲಕೋಟೆಯಲ್ಲಿ, ಬೇರೆ ದಿನ ಬರುತ್ತಿತ್ತು. ಕಾರ್ಡ್ ಕೈಗೆ ಬಂದ ಕೂಡಲೇ ಹಿಂದಿನ ಬಿಳಿ ಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲೇ ಸಹಿ ಮಾಡಬೇಕು. ಜೆಲ್ ಪೆನ್ ಒರೆಸಿಹೋಗುತ್ತದೆ. ಅಂಗಡಿಯ ಸ್ವೈಪ್ ಮೆಷಿನ್ ಲ್ಯಾಂಡ್‌ಲೈನ್ ಮೇಲೆ ಡಯಲ್ ಮಾಡುತ್ತಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಲೈನ್ ಮಧ್ಯೆ ಕಡಿದು ಚೀಟಿ ಬರದಿದ್ದರೆ ಎರಡನೇ ಸಲ ಉಜ್ಜಲು ಬಿಡುತ್ತಿರಲಿಲ್ಲ. ಮೊದಲನೆಯದು ದಾಖಲಾಗಿದೆಯೇ ಎಂದು ಗ್ರಾಹಕ ಸೇವೆಗೆ ಫೋನ್ ಮಾಡಿ ಕೇಳಿಯೇ ಮುಂದಿನದು. ಥರ್ಮಲ್ ಕಾಗದದ ಚೀಟಿ ಬೇಗ ಮಾಸುವುದರಿಂದ ದೊಡ್ಡ ಮೊತ್ತದ್ದಕ್ಕೆ ಜೆರಾಕ್ಸ್ ತೆಗೆಸಿಡುತ್ತಿದ್ದೆ.

ಇನ್ನು ಗಡುವು. ಬಿಲ್ ತಯಾರಾದ ಮೇಲೆ ಕಟ್ಟಲು 20 ದಿನ. ಕೊರಿಯರ್‌ನಲ್ಲಿ ಬಿಲ್ ಬರುವಷ್ಟರಲ್ಲಿ ಒಂದು ವಾರ ಹೋಯಿತು. ಚೆಕ್ ಹೊರಗಿನ ಊರಿಗೆ ಕಳಿಸಬೇಕು, ನಮ್ಮ ಶಾಖೆಯ ಚೆಕ್ ಅಲ್ಲಿ ಹೊರಊರಿನದು, ಕ್ಲಿಯರಿಂಗ್‌ಗೆ ಮತ್ತೊಂದು ವಾರ, ಹತ್ತು ದಿನ. ಮೊದಲ ಬಿಲ್ಲಿಗೇ ತಡವಾದ ಶುಲ್ಕ ಬಿದ್ದದ್ದು ಇದರಿಂದ. ಆಮೇಲೆ ಬಿಲ್ಲಿಗೆ ಕಾಯುವುದನ್ನೇ ಬಿಟ್ಟೆ. ಬಿಲ್ ತಾರೀಖಿನ ಮರುದಿನ ಫೋನಿನಲ್ಲಿ ಮೊತ್ತ ಕೇಳಿ, ಎಲ್ಲ ಊರಲ್ಲೂ ನಡೆಯುವ ‘ಅಟ್ ಪಾರ್’ ಚೆಕ್ಕಿನಲ್ಲಿ ಪೂರ್ತಿ ಕಾರ್ಡ್ ನಂಬರ್ ಬರೆದು, ಹಿಂದೆ ಹೆಸರು, ಫೋನ್ ಹಾಕಿ ಅವತ್ತೇ ಕಳಿಸುತ್ತಿದ್ದೆ. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಗೆ ಪಿನ್ನು ಹೊಡೆಯಬಾರದು, ಮಡಿಸಬಾರದು; ಯಂತ್ರ ಅದನ್ನು ಓದುವುದಿಲ್ಲ.

ಚೆಕ್ ಇಲ್ಲದೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸುವ ನೆಫ್ಟ್ ಶುರುವಾದದ್ದು 2005ರ ನವೆಂಬರ್‌ನಲ್ಲಿ, ದಿನದ 24 ಗಂಟೆಯೂ ಸಿಗತೊಡಗಿದ್ದು 2019ರ ಡಿಸೆಂಬರ್ 16ರಿಂದ. ಹಲವು ಬ್ಯಾಂಕುಗಳಲ್ಲಿ ಕಾರ್ಡಿನ ನಂಬರನ್ನೇ ಖಾತೆ ನಂಬರ್ ಜಾಗದಲ್ಲಿ ಹಾಕಿ ಕಟ್ಟಬಹುದು. ಜಮೆಯಾಗುವುದು ನಂಬರ್ ನೋಡಿಯೇ ಹೊರತು ಹೆಸರು ನೋಡಿ ಅಲ್ಲ. ಮೊದಲ ಸಲ 100 ರೂಪಾಯಿ ಕಳಿಸಿ, ಜಮೆಯಾದದ್ದು ಕಂಡ ಮೇಲೆ ಉಳಿದದ್ದು ಕಳಿಸಿ.

ತಾರೀಖಿನ ಲೆಕ್ಕ ಹೀಗಿದೆ. ಬಿಲ್ ಪ್ರತಿ ತಿಂಗಳ 12ಕ್ಕೆ ಅಂದುಕೊಳ್ಳಿ. ಜನವರಿ 13ರಂದು ಕೊಂಡದ್ದು ಫೆಬ್ರವರಿ 12ರ ಬಿಲ್ಲಿಗೆ ಬಂದು, ಮಾರ್ಚ್ 4ಕ್ಕೆ ಕಟ್ಟಬೇಕು: 50 ದಿನ ಬಡ್ಡಿಯಿಲ್ಲ. ಅದನ್ನೇ ಫೆಬ್ರವರಿ 12ಕ್ಕೆ ಕೊಂಡು ಅವತ್ತೇ ದಾಖಲಾದರೆ ಬರೀ 20 ದಿನ. ಹಾಗಾಗಿ ದೊಡ್ಡ ಖರೀದಿ ಬಿಲ್ಲಿನ ಮರುದಿನ.

‘ಕನಿಷ್ಠ ಮೊತ್ತ’ ಕಟ್ಟಿದರೆ ಸಾಕು ಅನ್ನುವುದನ್ನು ಮಾತ್ರ ನಂಬಬೇಡಿ. ಜನವರಿ 13ರ ಖರೀದಿ 10,000 ರೂಪಾಯಿ, ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ 42. ಮಾರ್ಚ್ 4ಕ್ಕೆ ಶೇ. 5ರಂತೆ 500 ಕಟ್ಟಿದಿರಿ. ಆಗ ಬಡ್ಡಿ ಖರೀದಿಸಿದ ದಿನದಿಂದಲೇ ಏರುತ್ತದೆ: 50 ದಿನಕ್ಕೆ ಸುಮಾರು 575, ಉಳಿದ 9,500ಕ್ಕೆ ಮಾರ್ಚ್ 12ರವರೆಗೆ 87, ಮೇಲೆ ಶೇ. 18 ಜಿಎಸ್‌ಟಿ ಸುಮಾರು 119. ಮುಂದಿನ ಬಿಲ್ ಸುಮಾರು 10,280. ಕಟ್ಟಿದ 500 ಎಲ್ಲಿ ಹೋಯಿತು ನೋಡಿ! ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ. ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕವೂ ಬೇರೆ, ಬಡ್ಡಿ ಅವತ್ತಿನಿಂದಲೇ.

ಈಗ ಸಂಬಳದ ಚೀಟಿ ಇಲ್ಲದವರಿಗೆ, ಅಂದರೆ ಮಂಡಿ ವ್ಯಾಪಾರ, ಮಂಡಕ್ಕಿ ಭಟ್ಟಿ ಇಟ್ಟವರಿಗೆ, ಠೇವಣಿ ಮೇಲಿನ ಕಾರ್ಡ್ ಒಳ್ಳೆಯ ದಾರಿ. ಠೇವಣಿಯ ಬಹುಪಾಲಿನಷ್ಟು ಮಿತಿ ಸಿಗುತ್ತದೆ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಮಿತಿಯ ಶೇ. 30ರೊಳಗೆ ಬಳಸಿ, ಪೂರ್ತಿ ಕಟ್ಟುತ್ತಾ ಬಂದರೆ ಸಿಬಿಲ್ ಅಂಕ, ಅಂದರೆ ಸಾಲ ಹೇಗೆ ತೀರಿಸುತ್ತೀರಿ ಎಂದು ತೋರಿಸುವ ಅಂಕ, ಬೆಳೆಯುತ್ತದೆ. ಅಂಕ 300ರಿಂದ 900ರವರೆಗೆ. ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತೆಗೆದು ನೋಡಬಹುದು.

ಕಾರ್ಡ್ ಬೇಡವಾದಾಗ ಕತ್ತರಿಸಿ ಬಿಸಾಡಿದರೆ ಅದು ಮುಚ್ಚುವುದಿಲ್ಲ, ವಾರ್ಷಿಕ ಶುಲ್ಕ ಬೀಳುತ್ತಲೇ ಇರುತ್ತದೆ. ಬಾಕಿ ಸೊನ್ನೆ ಮಾಡಿ, ಲಿಖಿತ ಅರ್ಜಿ ಕೊಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಠೇವಣಿ ಮೇಲಿನ ಕಾರ್ಡಾದರೆ, ಠೇವಣಿಯ ಮೇಲಿನ ಬ್ಯಾಂಕಿನ ಹಿಡಿತ ತೆಗೆದ ಪತ್ರವನ್ನೂ ಕೇಳಿ ಇಟ್ಟುಕೊಳ್ಳಿ.