ಎಂಬಿಬಿಎಸ್ ನಂತರ ಯಾವ ವಿಭಾಗ? ಆಯ್ಕೆ ಮಾಡಿಕೊಳ್ಳುವುದು ಹೇಗೆ

ಮಗನೋ ಮಗಳೋ ಎಂಬಿಬಿಎಸ್ ಮುಗಿಸುವ ಹೊತ್ತಿಗೆ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ‘ಮುಂದೆ ಯಾವುದರಲ್ಲಿ ಎಂ.ಡಿ.?’ ಎಂಬ ಮಾತು ಶುರುವಾಗುತ್ತದೆ. ಕಳೆದ ವರ್ಷ ಯಾವ ಸೀಟು ಮೊದಲು ಭರ್ತಿಯಾಯಿತು ಎಂದು ನೋಡಿ ಉತ್ತರ ಹೇಳುವವರೇ ಹೆಚ್ಚು. ಆದರೆ ಒಂದು ವಿಭಾಗದಲ್ಲಿ ಮೂರು ದಶಕ ದುಡಿಯುವವರ ದಿನ ಹೇಗಿರುತ್ತದೆ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲವಾದ್ದರಿಂದ, ಆಯ್ಕೆಯನ್ನು ದಿನಚರಿಯಿಂದಲೇ ಆರಂಭಿಸುವುದು ಲೇಸು.

ಅದನ್ನು ನೋಡಲು ಇರುವ ಅವಕಾಶವೇ 12 ತಿಂಗಳ ಇಂಟರ್ನ್‌ಶಿಪ್. ಇದರಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ, ಜನರಲ್ ಮೆಡಿಸಿನ್ ಮತ್ತು ಜನರಲ್ ಸರ್ಜರಿಗೆ ತಲಾ 6 ವಾರ, ಅರಿವಳಿಕೆಗೆ ಕೇವಲ 2 ವಾರ ಮೀಸಲು. ಎಂ.ಡಿ., ಎಂ.ಎಸ್. ಪ್ರವೇಶಕ್ಕೆ ಬರೆಯುವ ನೀಟ್-ಪಿ.ಜಿ. ಪರೀಕ್ಷೆಯ ಪುಸ್ತಕ ಹಿಡಿದು ಈ ಅವಧಿಯನ್ನು ಹೇಗೋ ದಾಟಿಬಿಡುವವರು, ಪರೀಕ್ಷೆ ಗೆದ್ದ ಮೇಲೆ ಏನು ಕೇಳಬೇಕೆಂಬುದನ್ನೇ ತಿಳಿಯದೆ ಕೌನ್ಸೆಲಿಂಗ್‌ಗೆ ಬರುತ್ತಾರೆ. ಪ್ರತಿ ಪೋಸ್ಟಿಂಗ್‌ನಲ್ಲಿಯೂ ಅಪರೂಪದ ಕೇಸುಗಳನ್ನು ಬದಿಗಿಟ್ಟು, ದಿನವೂ ಮರಳಿ ಬರುವ ಕೆಲಸ ಯಾವುದು, ರಾತ್ರಿ ಎಷ್ಟು ಬಾರಿ ಕರೆ ಬರುತ್ತದೆ, ಹಿರಿಯ ವೈದ್ಯರು ಯಾವುದಕ್ಕೆ ಬೇಸರಪಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಅರಿವಳಿಕೆಯನ್ನೇ ನೋಡಿ. ಮೂಡಿಗೆರೆ, ಸಕಲೇಶಪುರದಂಥ ತಾಲ್ಲೂಕು ಕೇಂದ್ರದಲ್ಲಿ ನಡುರಾತ್ರಿ ಸಿಸೇರಿಯನ್ ಆಗಬೇಕೆಂದರೆ ಪ್ರಸೂತಿ ತಜ್ಞರೊಬ್ಬರಿದ್ದರೆ ಸಾಲದು. ಬೆನ್ನಿಗೆ ಸ್ಪೈನಲ್ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ತಾಯಿಯ ರಕ್ತದೊತ್ತಡ ಕುಸಿಯಬಹುದು. ಆಗ ಡ್ರಿಪ್‌ನ ವೇಗ ಹೆಚ್ಚಿಸಿ, ಒತ್ತಡ ಏರಿಸುವ ಔಷಧ ಕೊಟ್ಟು, ಮಾನಿಟರ್‌ನಿಂದ ಕಣ್ಣು ಕೀಳದೆ ನಿಲ್ಲುವವರು ಅರಿವಳಿಕೆ ತಜ್ಞರು. ಹೊರಗೆ ಕಾದು ಕುಳಿತ ಬಂಧುಗಳಿಗೆ ಮಾತ್ರ ಅವರ ಹೆಸರೂ ಗೊತ್ತಿರುವುದಿಲ್ಲ. ರೋಗಿಗಳು ಹುಡುಕಿಕೊಂಡು ಬರಬೇಕು ಎಂದು ಬಯಸುವವರಿಗೆ ಇದು ಒಗ್ಗದು. ಮಾಡಿದ ಕೆಲಸದ ಫಲ ಕಣ್ಣೆದುರೇ ಕಾಣಬೇಕು ಎನ್ನುವವರಿಗೆ ಇಷ್ಟು ಹೊಂದುವ ವಿಭಾಗ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಎಲ್ಲರೂ ಮುಗಿಬೀಳುವ ರೇಡಿಯಾಲಜಿಯಲ್ಲಿ ಹೊರರೋಗಿಗಳ ನೂಕುನುಗ್ಗಲಿಲ್ಲ ನಿಜ, ಆದರೆ ಸ್ವಂತ ಕೇಂದ್ರ ತೆರೆಯಲು ದುಬಾರಿ ಯಂತ್ರಗಳೂ, 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ನೋಂದಣಿಯೂ ಬೇಕು.

ಆಮೇಲೆ ವರ್ಷಗಳ ಲೆಕ್ಕ ಹಾಕಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್., ಅದರ ಮೇಲೆ ಸೂಪರ್ ಸ್ಪೆಷಾಲಿಟಿ ಪದವಿಗಳಾದ ಡಿ.ಎಂ. ಅಥವಾ ಎಂ.ಸಿಎಚ್. ಬೇಕೆಂದರೆ ಮತ್ತೆ ಮೂರು ವರ್ಷ: ನಡುವೆ ಒಂದು ದಿನವೂ ವ್ಯರ್ಥವಾಗದಿದ್ದರೂ ಹನ್ನೊಂದೂವರೆ ವರ್ಷ. ಹೃದ್ರೋಗ ತಜ್ಞರಾಗಲು ಸಾಮಾನ್ಯವಾಗಿ ಜನರಲ್ ಮೆಡಿಸಿನ್ ದಾರಿಯಲ್ಲಿ ಹೋಗಬೇಕು, ನರಶಸ್ತ್ರಚಿಕಿತ್ಸೆಗೆ ಜನರಲ್ ಸರ್ಜರಿಯ ದಾರಿಯಲ್ಲಿ. ಹೀಗೆ ಕಲಿತ ವಿದ್ಯೆಗೆ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್, ತೀವ್ರ ನಿಗಾ ಘಟಕದಂಥ ವ್ಯವಸ್ಥೆ ಬೇಕಾಗುವುದರಿಂದ ಅರಸೀಕೆರೆಗೋ ಕೊಪ್ಪಕ್ಕೋ ಮರಳಿ ನೆಲೆಸುವ ಆಸೆಯಿರುವವರು ಮೊದಲೇ ಯೋಚಿಸಬೇಕು. ಶಿರಾಡಿ, ಚಾರ್ಮಾಡಿ ಘಾಟಿಗಳ ಅಪಘಾತ, ಮಲೆನಾಡಿನ ಮಂಗನ ಕಾಯಿಲೆ, ಹಾವು ಕಡಿತ, ಹೆರಿಗೆ ಇವೆಲ್ಲ ಇಲ್ಲಿ ಮೂಳೆ ತಜ್ಞರನ್ನೂ ಫಿಜಿಷಿಯನ್‌ಗಳನ್ನೂ ಪ್ರಸೂತಿ ತಜ್ಞರನ್ನೂ ಬೇಡುತ್ತವೆ. ಸರ್ಕಾರಿ ಕಡ್ಡಾಯ ಸೇವೆಗೆ 2012ರ ರಾಜ್ಯ ಕಾಯ್ದೆಯೂ ಅದರ ತಿದ್ದುಪಡಿಗಳೂ ಇರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಿಕೊಳ್ಳಬೇಕು.

ಕಾಲೇಜಿನ ವಿಚಾರ ಬಂದಾಗ ವಿಭಾಗದ ಮುಖ್ಯಸ್ಥರಿಗಿಂತ ಎರಡನೇ ವರ್ಷದ ಪಿ.ಜಿ. ವಿದ್ಯಾರ್ಥಿಗಳನ್ನು ಮಾತನಾಡಿಸಿ. ‘ಶಸ್ತ್ರಚಿಕಿತ್ಸೆ ನೋಡಿದ್ದೆಷ್ಟು, ಸ್ವಂತ ಕೈಯಿಂದ ಮಾಡಿದ್ದೆಷ್ಟು?’ ಎಂದು ಕೇಳಿದರೆ ನಿಜಸ್ಥಿತಿ ಹೊರಬರುತ್ತದೆ. ಜಿಲ್ಲೆಗಳ ಸರ್ಕಾರಿ ಬೋಧಕ ಆಸ್ಪತ್ರೆಗಳಲ್ಲಿ ಕಟ್ಟಡ ಹಳತಿರಬಹುದು, ಕೇಸುಗಳಿಗೆ ಬರವಿರುವುದಿಲ್ಲ.

ಕೊನೆಯದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ವಿಭಾಗ, ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು. ರ‍್ಯಾಂಕ್ ಕಡಿಮೆಯಿದೆಯೆಂದು ಬೇಡದ ಸೀಟನ್ನು ಮೇಲೆ ಬರೆಯಬೇಡಿ. ಹಂಚಿಕೆ ರ‍್ಯಾಂಕ್ ಪ್ರಕಾರ, ನೀವು ಬರೆದ ಕ್ರಮದಲ್ಲಿಯೇ ನಡೆಯುವುದರಿಂದ ನಿಜವಾಗಿ ಬೇಕಾದುದನ್ನು ಮೊದಲಿಗಿಟ್ಟರೆ ನಷ್ಟವೇನಿಲ್ಲ. ಕೊಟ್ಟರೂ ಸೇರಲಾರೆ ಎನಿಸುವ ವಿಭಾಗವನ್ನು ಮಾತ್ರ ಪಟ್ಟಿಗೆ ಸೇರಿಸದಿರಿ, ಏಕೆಂದರೆ ಕೊನೆಯ ಸುತ್ತುಗಳಲ್ಲಿ ಸಿಕ್ಕಿದ ಸೀಟು ಬಿಟ್ಟರೆ ಠೇವಣಿ ಕೈತಪ್ಪಬಹುದು.